ಕೇಳಬಹುದಾದ ಕಾರು

ಹಳ್ಳಿಯಲ್ಲಿ ಕಾರು ಇಟ್ಟುಕೊಂಡವರಲ್ಲಿ ಎರಡು ಬಗೆ. ಒಬ್ಬರ ಕಾರನ್ನು ಜನ ನೋಡುತ್ತಾರೆ, ಇನ್ನೊಬ್ಬರ ಕಾರನ್ನು ಜನ ಕೇಳುತ್ತಾರೆ. ನೋಡುವ ಕಾರು ಅಂಗಳದ ಶೀಟಿನಡಿ ಹೊದಿಕೆ ಹೊದ್ದುಕೊಂಡು ಮಲಗಿರುತ್ತದೆ. ಅದರ ಬಾಗಿಲು ಹಾಕಿದರೆ ಗಂಭೀರವಾಗಿ ಒಂದೇ ಸದ್ದು. ಕೇಳುವ ಕಾರಿನ ಬಾಗಿಲನ್ನು ಎರಡು ಸಲ ಎಳೆಯಬೇಕು, ಮೂರನೆಯ ಸಲ ಒಳಗಿದ್ದವರು ಹಿಡಿದುಕೊಳ್ಳಬೇಕು. ನೋಡುವ ಕಾರಿನ ಯಜಮಾನರಿಗೆ ಜನ ನಮಸ್ಕಾರ ಮಾಡಿ ಮುಂದೆ ಹೋಗುತ್ತಾರೆ. ಕೇಳುವ ಕಾರಿನವನಿಗೆ ನಮಸ್ಕಾರ ಮಾಡಿ ಅಲ್ಲೇ ನಿಲ್ಲುತ್ತಾರೆ.

ನನ್ನದು ಕೇಳುವ ಕಾರು.

ನಮ್ಮ ಕುಪ್ಪಗಡ್ಡೆ ಸೊರಬ ತಾಲ್ಲೂಕಿನ ಒಂದು ಹೋಬಳಿ. ಹೋಬಳಿ ಎಂದ ಕೂಡಲೇ ಎಲ್ಲ ಅಲ್ಲೇ ಸಿಗುತ್ತದೆ ಎಂದುಕೊಳ್ಳಬೇಡಿ. ತಾಲ್ಲೂಕು ಕಚೇರಿಗೆ ಸೊರಬಕ್ಕೆ ಹೋಗಬೇಕು. ಮದುವೆ ಜವಳಿಗೆ ಆನವಟ್ಟಿಯಲ್ಲಿ ಒಂದು ಸುತ್ತು ಹಾಕಿ, ಮನಸ್ಸಿಗೆ ಬಾರದಿದ್ದರೆ ಶಿರಸಿಗೆ. ಗಾಡಿಯ ಸಾಮಾನಿಗೆ ಶಿರಾಳಕೊಪ್ಪಕ್ಕೆ. ಗಾಡಿಯ ಕಾಗದಪತ್ರಕ್ಕೆ ಸಾಗರಕ್ಕೆ. ದೊಡ್ಡ ಕಾಯಿಲೆಗೆ ಶಿವಮೊಗ್ಗದ ಮೆಗ್ಗಾನ್, ಅದಕ್ಕಿಂತ ದೊಡ್ಡ ಕಾಯಿಲೆಗೆ ಮಣಿಪಾಲ. ಶಿವಮೊಗ್ಗಕ್ಕೆ ಸಾಗರದ ಮೇಲೂ ಹೋಗಬಹುದು, ಶಿಕಾರಿಪುರದ ಮೇಲೂ ಹೋಗಬಹುದು. ಯಾವುದು ಹತ್ತಿರ ಎಂಬ ಚರ್ಚೆ ಕಾರು ಹೊರಡುವ ಮುಂಚೆ ಶುರುವಾದರೆ ಶಿವಮೊಗ್ಗ ಮುಟ್ಟಿದ ಮೇಲೂ ಮುಗಿಯುವುದಿಲ್ಲ. ಇಷ್ಟು ಊರುಗಳ ನಡುವೆ ಬದುಕು ಹಂಚಿಹೋಗಿರುವ ಕಡೆ ನಾಲ್ಕು ಚಕ್ರ ಯಾರ ಮನೆ ಮುಂದೆ ನಿಂತಿದ್ದರೂ ಅದರ ಮೇಲೆ ಹತ್ತು ಜನರ ಕಣ್ಣಿರುವುದು ತಪ್ಪೇನಲ್ಲ.

ಕಾರಿನ ಕುಲಗೋತ್ರ ಹೇಳಿಬಿಡುತ್ತೇನೆ. ಮಾರುತಿ 800, 2009ರದ್ದು. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, ನಾಲ್ಕು ಗೇರು, ಹನ್ನೆರಡು ಇಂಚಿನ ಚಕ್ರ. ಎ.ಸಿ. ಇಲ್ಲ, ಗಾಜನ್ನು ಕೈಯಲ್ಲಿ ತಿರುವಿ ಇಳಿಸಿದರೆ ಸೊರಬ ಸೀಮೆಯ ಗಾಳಿ ಪುಕ್ಕಟೆ. ಶಿರಸಿ ಕಡೆಯವರ ಕೈ ದಾಟಿ ಬಂದದ್ದರಿಂದ ನಂಬರು ಕೆ.ಎ. 31. ನಮ್ಮ ಕಡೆ ಸಾಗರದ ಕೆ.ಎ. 15 ಗಾಡಿಗಳೇ ಹೆಚ್ಚು. ಹಾಗಾಗಿ ಕಾರು ತಂದ ಹೊಸದರಲ್ಲಿ ಬೀದಿಯಲ್ಲಿ ಹೋಗುವವರೆಲ್ಲ ಬೇಲಿಯ ಮೇಲೆ ಇಣುಕಿ, "ಏನ್ ಮೇಷ್ಟ್ರೇ, ನೆಂಟರು ಬಂದಾರಾ?" ಎಂದು ಕೇಳುತ್ತಿದ್ದರು. ಇಲ್ಲಪ್ಪ, ನಮ್ಮದೇ ಎಂದರೆ ಒಂದು ಕ್ಷಣ ಕಾರನ್ನು, ಒಂದು ಕ್ಷಣ ನನ್ನನ್ನು ನೋಡಿ, "ಎಷ್ಟು ಕೊಡ್ತದೆ?" ಎಂಬ ಮುಂದಿನ ಪ್ರಶ್ನೆ. ಮೈಲೇಜು ಕೇಳಿದ ಮೇಲೆ ಬೆಲೆ, ಬೆಲೆ ಕೇಳಿದ ಮೇಲೆ "ಹೋಗ್ಲಿ ಬಿಡಿ, ಮಳೆಗೆ ನೆನೆಯೋದು ತಪ್ಪಿತು" ಎಂಬ ಸಮಾಧಾನ.

ತಂದ ವಾರವೇ ಶಿಕಾರಿಪುರಕ್ಕೆ ಒಯ್ದು ಹುಚ್ಚರಾಯಸ್ವಾಮಿಯ ಗುಡಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದೆವು. ಹುಚ್ಚರಾಯನೆಂದರೆ ಆಂಜನೇಯ. ಮಾರುತಿಯ ಮುಂದೆ ಮಾರುತಿಯನ್ನು ನಿಲ್ಲಿಸಿದ ಸಮಾಧಾನ ನಮ್ಮಮ್ಮನಿಗೆ. "ಇವನ ಹೆಸರೇ ಇಟ್ಟಾರಲ್ಲ, ದಾರೀಲಿ ಕೈಬಿಡೋದಿಲ್ಲ" ಎಂದಳು. ದೇವರು ಕೈಬಿಟ್ಟಿಲ್ಲ. ಬ್ಯಾಟರಿ ಒಮ್ಮೊಮ್ಮೆ ಬಿಟ್ಟಿದೆ.

ಈ ಕಾರಿನ ವಂಶದ ಕತೆ ದೊಡ್ಡದು. 1983ರ ಡಿಸೆಂಬರ್ 14ರಂದು ದೆಹಲಿಯ ಹರ್ಪಾಲ್ ಸಿಂಗ್ ಎಂಬವರಿಗೆ ಪ್ರಧಾನಿ ಇಂದಿರಾ ಗಾಂಧಿಯವರೇ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಆಗಿನ ಬೆಲೆ ಸುಮಾರು 47,500 ರೂಪಾಯಿ. ಹರ್ಪಾಲ್ ಸಿಂಗ್ ಶ್ರೀಮಂತರಲ್ಲ, ಇಂಡಿಯನ್ ಏರ್‌ಲೈನ್ಸಿನ ನೌಕರರು. ಲಾಟರಿ ಎತ್ತಿದ್ದರಲ್ಲಿ ಅವರ ಹೆಸರು ಬಂದಿತ್ತು. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕಾರನ್ನು ಕೊಡಲಿಲ್ಲವಂತೆ. ಪತ್ರಿಕೆಯಲ್ಲಿ ಅದನ್ನು ಓದಿದವರು ಎಂಥ ಅಭಿಮಾನ ಎಂದರು. ನನಗೆ ಮಾತ್ರ ಬೇರೆಯದೇ ಅನುಮಾನ. ಅವರ ಬೀದಿಯಲ್ಲೂ ಅಕ್ಕಪಕ್ಕದವರು ಇದ್ದಿರಲೇಬೇಕು. ಮಾರಲು ಅವರು ಬಿಡಬೇಕಲ್ಲ?

ಅದೇ 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಹೊಗೆಯ ಹೊಸ ನಿಯಮ ಬಂದು ಅಲ್ಲೆಲ್ಲ 800ರ ಮಾರಾಟ ನಿಂತಿತು. ಸಣ್ಣ ಊರುಗಳಲ್ಲಿ ಮಾತ್ರ ಇನ್ನೂ ಮಾರುತ್ತಿದ್ದರು. 2014ರ ಜನವರಿ 18ರಂದು ತಯಾರಿಯೇ ನಿಂತಿತು. ಅಂದರೆ ಪಟ್ಟಣ ಕೈಬಿಟ್ಟ ಮೇಲೂ ನಾಲ್ಕು ವರ್ಷ ಇದನ್ನು ಸಾಕಿದವರು ನಮ್ಮಂಥ ಊರಿನವರು. ತಯಾರಿ ನಿಂತ ಮೇಲೂ ಸಾಕುತ್ತಿರುವವರು ನಾವೇ. ಶಿರಾಳಕೊಪ್ಪದ ಬಿಡಿಭಾಗದ ಅಂಗಡಿಯಲ್ಲಿ ಇವತ್ತಿಗೂ "ಏಯ್ಟ್ ಹಂಡ್ರೆಡ್ದು ಕ್ಲಚ್ ಪ್ಲೇಟ್" ಎಂದರೆ ಅಂಗಡಿಯವನು ಪುಸ್ತಕ ನೋಡುವುದಿಲ್ಲ, ಕಂಪ್ಯೂಟರ್ ನೋಡುವುದಿಲ್ಲ, ಹಿಂದೆ ತಿರುಗಿಯೂ ನೋಡದೆ ಕೈ ಚಾಚಿ ತೆಗೆಯುತ್ತಾನೆ.

ಅಗ್ಗದ ಕಾರು ಎಂದರೆ ನ್ಯಾನೋವನ್ನು ಬಿಟ್ಟು ಮಾತು ಮುಗಿಯುವುದಿಲ್ಲ. 2008ರ ಜನವರಿ 10ರಂದು ರತನ್ ಟಾಟಾ ದೆಹಲಿಯಲ್ಲಿ ಲಕ್ಷ ರೂಪಾಯಿಯ ಕಾರು ತೋರಿಸಿದಾಗ ನಮ್ಮ ಹೋಟೆಲಿನ ಬೆಂಚಿನ ಮೇಲೆ ಅದರದೇ ಮಾತು. ಅದೇ ವರ್ಷ ನಮ್ಮ ಪಕ್ಕದ ಶಿಕಾರಿಪುರದ ಶಾಸಕರು, ಬಿ.ಎಸ್. ಯಡಿಯೂರಪ್ಪನವರು, ಮುಖ್ಯಮಂತ್ರಿಯಾಗಿದ್ದರು. ಅಕ್ಟೋಬರಿನಲ್ಲಿ ಬಂಗಾಳದ ಸಿಂಗೂರಿನಿಂದ ಕಾರ್ಖಾನೆ ಕಾಲು ಕಿತ್ತಾಗ ನಮ್ಮ ಸರ್ಕಾರವೂ ಇಲ್ಲಿಗೆ ಬನ್ನಿ ಎಂದು ಕರೆದು ಧಾರವಾಡದ ಕಡೆ ಜಾಗ ತೋರಿಸಿತು. ಕಾರ್ಖಾನೆ ಗುಜರಾತಿನ ಸಾಣಂದಕ್ಕೆ ಹೋಯಿತು. ಇತ್ತ ಬೆಂಚಿನ ಮೇಲಿದ್ದವರಿಗೆ ಮನೆ ಬಾಗಿಲಿಗೆ ಬಂದ ಸಂಬಂಧ ತಪ್ಪಿಹೋದ ಬೇಸರ.

ಆ ಕಾರಿನಲ್ಲಿ ಉಳಿತಾಯದ ಬುದ್ಧಿ ಎಷ್ಟಿತ್ತೆಂದರೆ, ಚಕ್ರಕ್ಕೆ ನಾಲ್ಕು ಬೋಲ್ಟಿನ ಬದಲು ಮೂರೇ. ಗಾಜಿಗೆ ಒಂದೇ ವೈಪರ್. ಎಂಜಿನ್ ಹಿಂದುಗಡೆ, ಪೆಟ್ರೋಲು ಹಾಕಬೇಕಾದರೆ ಮುಂದಿನ ಬಾನೆಟ್ ಎತ್ತಬೇಕು. ಮೊದಲ ಮಾದರಿಗಳಲ್ಲಿ ಡಿಕ್ಕಿಯನ್ನು ಹೊರಗಿನಿಂದ ತೆರೆಯುವಂತೆಯೇ ಇರಲಿಲ್ಲ, ಸೀಟು ಮಡಚಿ ಒಳಗಿನಿಂದಲೇ ಸಾಮಾನು ಇಡಬೇಕು. ಸ್ಕೂಟರಿನ ಮೇಲೆ ಮಳೆಯಲ್ಲಿ ನೆನೆಯುತ್ತ ಹೋಗುವ ಸಂಸಾರವನ್ನು ನೋಡಿ ಹುಟ್ಟಿದ ಯೋಚನೆ ಅದು ಎಂದು ಟಾಟಾ ಹೇಳುತ್ತಿದ್ದರು. ಯೋಚನೆ ಒಳ್ಳೆಯದೇ. ಆದರೆ ಲೋಕದಲ್ಲೇ ಅಗ್ಗದ ಕಾರು ಎಂದು ಡಂಗುರ ಸಾರಿದ್ದು ಮುಳುವಾಯಿತು. ಅದನ್ನು ಆಮೇಲೆ ಟಾಟಾ ಅವರೂ ಒಪ್ಪಿಕೊಂಡರು. 2018ರಲ್ಲಿ ತಯಾರಿ ನಿಂತೇಹೋಯಿತು. ನಮ್ಮ ಬೆಂಚಿನವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ಅಗ್ಗಕ್ಕೆ ಸಿಕ್ಕಿದ್ದನ್ನು ಕೊಳ್ಳಲು ಎಲ್ಲರಿಗೂ ಆಸೆ. ಅಗ್ಗಕ್ಕೆ ಸಿಕ್ಕಿತೆಂದು ಊರಿಗೆಲ್ಲ ಗೊತ್ತಾಗುವುದು ಯಾರಿಗೂ ಬೇಡ. ಮದುವೆ ಮನೆಯ ಮುಂದೆ ಕಾರಿನಿಂದ ಇಳಿದ ಕೂಡಲೇ ಚಪ್ಪರದಡಿ ಕೂತವರೆಲ್ಲ ಮನಸ್ಸಿನಲ್ಲೇ "ಒಂದು ಲಕ್ಷ" ಎಂದು ಲೆಕ್ಕ ಹಾಕಿದರೆ ಯಾವ ಬೀಗರು ತಡೆದುಕೊಂಡಾರು?

ನನ್ನ ಕಾರಿನ ಬೆಲೆಯ ಬಗ್ಗೆ ಈಗ ಯಾರಿಗೂ ಕುತೂಹಲವಿಲ್ಲ. ಅದಕ್ಕೇ ಅದನ್ನು ಕೇಳಲು ಯಾರಿಗೂ ಸಂಕೋಚವಿಲ್ಲ. ನಮ್ಮ ಕಡೆ ಕೇರಿಗೊಂದು ಏಣಿ ಇರುತ್ತದೆ. ಯಾರ ಮನೆಯ ಗೋಡೆಗೆ ಒರಗಿದ್ದರೂ ಅದು ಕೇರಿಯ ಏಣಿಯೇ. ಹಂಚು ಕೈಯಾಡಿಸುವವರು, ಕಾಯಿ ಕೀಳುವವರು ಹೊತ್ತೊಯ್ಯುತ್ತಾರೆ, ಮತ್ತೆ ತಂದು ಒರಗಿಸುತ್ತಾರೆ. ನನ್ನ ಕಾರು ಅಂಥ ಏಣಿ. ಪೆಟ್ರೋಲು ಕುಡಿಯುತ್ತದೆ ಎಂಬುದೊಂದು ವ್ಯತ್ಯಾಸ.

ಕೇಳುವುದರಲ್ಲೂ ನಮ್ಮವರದ್ದೊಂದು ರೀತಿ. ನೇರವಾಗಿ ಕಾರು ಕೊಡಿ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿದ್ದಿಲ್ಲ. ಮೊದಲು ಜಗಲಿಯ ಮೇಲೆ ಕೂರುತ್ತಾರೆ. ಮಳೆ ಹಿಡಿದ ಬಗ್ಗೆ, ಹಿಡಿಯದ ಬಗ್ಗೆ ಒಂದು ಮಾತು. ಶುಂಠಿಗೆ ಕೊಳೆ ಬಂತು ಎಂಬ ವರದಿ. ಅಡಿಕೆ ರೇಟಿನ ಬಗ್ಗೆ ನಿಟ್ಟುಸಿರು. ಎಲೆಯ ತಟ್ಟೆ ಬರುತ್ತದೆ. ಎಲೆಗೆ ಸುಣ್ಣ ಸವರುತ್ತ, ಅಂಗಳದ ಕಡೆ ನೋಡದೆಯೇ,

"ನಾಳೆ ಎತ್ಲಾಗಾದ್ರೂ ಹೋಗೋದೈತೇನ್ ಮೇಷ್ಟ್ರೇ?"

"ಯಾಕೆ?"

"ಯಾಕಿಲ್ಲ, ಸುಮ್ನೆ ಕೇಳ್ದೆ. ಸೊರಬದ ಕಡೆ ಹೋಗೋದಿದ್ರೆ ನಾನೂ ಬರ್ತಿದ್ದೆ ಅಂತ."

ಇದರ ಅರ್ಥ, ನಾಳೆ ಸೊರಬಕ್ಕೆ ಹೋಗಬೇಕಾದವರು ಅವರು, ಹೋಗುವುದು ನಾನು, ಜೊತೆಗೆ ಅವರ ಅತ್ತೆ, ಅತ್ತೆಯ ಮೊಣಕಾಲಿನ ಎಕ್ಸ್‌ರೇ, ಡಾಕ್ಟರಿಗೆ ಕೊಡಲು ಎರಡು ಬಾಳೆಗೊನೆ. ಇದೆಲ್ಲ ಗೊತ್ತಿದ್ದರೂ ನಾನು, "ಹೌದು, ನನಗೂ ಅಲ್ಲೊಂದು ಕೆಲಸ ಇತ್ತು" ಎನ್ನಬೇಕು. ಅವರು, "ಅಯ್ಯೋ, ನಮಗಾಗಿ ಹೊರಡೋದು ಬ್ಯಾಡ ಮತ್ತೆ" ಎನ್ನಬೇಕು. ಈ ನಾಟಕದಲ್ಲಿ ಇಬ್ಬರಿಗೂ ಮಾತು ಬಾಯಿಪಾಠ. ಇದೇ ಬೀದಿಯಲ್ಲಿರುವ ದೊಡ್ಡ ಕಾರಿನ ಯಜಮಾನರು ನಿಜವಾಗಿಯೂ ವಾರಕ್ಕೆರಡು ಸಲ ಸೊರಬಕ್ಕೆ ಹೋಗುತ್ತಾರೆ, ಒಬ್ಬರೇ ಹೋಗುತ್ತಾರೆ. ಅವರ ಜಗಲಿಯಲ್ಲಿ ಕೂತು ಶುಂಠಿಯ ಸುದ್ದಿ ತೆಗೆಯಲು ಯಾರಿಗೂ ಧೈರ್ಯವಿಲ್ಲ. ಕೊಡದವರೇನಲ್ಲ ಅವರು. ಒಮ್ಮೆ ನನ್ನ ಹತ್ತಿರ, "ನನ್ನನ್ನ ಯಾರೂ ಕರೆಯೋದೇ ಇಲ್ಲ ಕಣ್ರಿ" ಎಂದು ಬೇಜಾರು ಮಾಡಿಕೊಂಡಿದ್ದರು.

ತಮಾಷೆಯೆಂದರೆ ನಮ್ಮ ಮನೆಯ ಹೆಂಗಸರು ಮಾತ್ರ ಈ ಕಾರು ಹತ್ತುವುದು ಕಮ್ಮಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಂದಿನಿಂದ ನಮ್ಮನೆಯವಳಿಗೆ ಕಾರೆಂದರೆ ದುಂದುವೆಚ್ಚ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು. ಟಿಕೆಟಿಲ್ಲದೆ ಹೋಗಬೇಕಾದರೆ ಸರ್ಕಾರಿ ಕೆಂಪು ಬಸ್ಸಿಗೇ ಕಾಯಬೇಕು. ಅವಳು ಕಾಯುತ್ತಾಳೆ. ಒಮ್ಮೆ ಶಿರಸಿಗೆ ನಾನು ಕಾರಿನಲ್ಲಿ, ಅವಳು ಬಸ್ಸಿನಲ್ಲಿ ಹೊರಟೆವು. ಕಾರಿನಲ್ಲಿ ನನ್ನ ಜೊತೆ ಇದ್ದವರು ಎದುರು ಮನೆಯವರು ಮೂವರು, ಹಿಟ್ಟಿನ ಗಿರಣಿಯ ಒಂದು ಮೋಟರು. ಸಂಜೆ ಮನೆಯಲ್ಲಿ ಅವಳು ಆಧಾರ್ ಕಾರ್ಡು ತೋರಿಸಿ, "ನನಗೆ ಸೊನ್ನೆ ಖರ್ಚು. ನಿಮಗೆ?" ಎಂದಳು. ಪೆಟ್ರೋಲು ಲೀಟರಿಗೆ ನೂರು ದಾಟಿದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದಿರುವುದೇ ಸಂಸಾರಕ್ಕೆ ಕ್ಷೇಮ.

ಇನ್ನು ಕಾರನ್ನು ಸಾಕುವ ಮಾತು. ಎಂಜಿನ್ನಿಗೆ ಆಯಿಲ್ಲು, ರೇಡಿಯೇಟರಿಗೆ ನೀರು, ಚಕ್ರಕ್ಕೆ ಗಾಳಿ, ಇಷ್ಟೇ ನಿರ್ವಹಣೆ ಎಂದು ಪುಸ್ತಕದಲ್ಲಿರುತ್ತದೆ. ಅದನ್ನು ಬರೆದವರು ಮಲೆನಾಡಿನ ಆಷಾಢ ಕಂಡವರಲ್ಲ. ಜಡಿಮಳೆ ಕೂತಿತೆಂದರೆ ಕಾರಿನೊಳಗೆ ಬೂಷ್ಟು ಹಿಡಿಯುತ್ತದೆ. ಮೊದಲು ಸ್ಟೇರಿಂಗಿನ ಮೇಲೆ ಬಿಳಿ ಪುಡಿ, ಆಮೇಲೆ ಸೀಟ್ ಬೆಲ್ಟಿನ ಮೇಲೆ ಬೂದು, ಕೊನೆಗೆ ಹಿಂದಿನ ಸೀಟಿನ ಮೂಲೆಯಲ್ಲಿ ಹಸಿರು. ಬಿಸಿಲು ಇಣುಕಿದ ದಿನ ಸೀಟಿನ ಕವರು, ಕಾಲುಚಾಪೆಗಳೆಲ್ಲ ಅಂಗಳಕ್ಕೆ ಬರುತ್ತವೆ. ಒಂದು ಕಡೆ ಹಪ್ಪಳ, ಒಂದು ಕಡೆ ಕಂಬಳಿ, ನಡುವೆ ಕಾರಿನ ಕಾಲುಚಾಪೆ. ಮೋಡ ಕವಿದರೆ ಹಪ್ಪಳಕ್ಕೆ ಎಲ್ಲರೂ ಓಡುತ್ತಾರೆ, ಕಾಲುಚಾಪೆಗೆ ನಾನೊಬ್ಬನೇ. ಎ.ಸಿ. ಇಲ್ಲದ್ದರಿಂದ ಮಳೆಯಲ್ಲಿ ಮುಂದಿನ ಗಾಜು ಒಳಗಿನಿಂದ ಮಂಜು ಕಟ್ಟುತ್ತದೆ. ಒರೆಸುವ ಕೆಲಸ ಪಕ್ಕದ ಸೀಟಿನವರದ್ದು. ಅದಕ್ಕೆಂದೇ ಒಂದು ಹಳೆ ಪಂಚೆಯ ತುಂಡು ಮುಂದೆ ಇಟ್ಟಿದ್ದೇನೆ. ಮುಂದಿನ ಸೀಟಿಗೆ ಪೈಪೋಟಿ ಮಾಡಿ ಹತ್ತಿದವರು ಸೊರಬ ಮುಟ್ಟುವುದರೊಳಗೆ ತಾವೇ ಹಿಂದೆ ಹೋಗುತ್ತೇವೆ ಎನ್ನುತ್ತಾರೆ.

ಮಳೆಯದು ಮುಗಿದರೆ ಇಲಿಯದು. ಗದ್ದೆ ಕೊಯ್ಲಾಗಿ ಚಳಿ ಬಿತ್ತೆಂದರೆ ಇಲಿಗಳಿಗೆ ಬೆಚ್ಚಗಿನ ಜಾಗ ಬೇಕು. ಆಗಷ್ಟೇ ನಿಲ್ಲಿಸಿದ ಎಂಜಿನ್ನಿಗಿಂತ ಬೆಚ್ಚಗಿನದು ಊರಲ್ಲಿ ಯಾವುದಿದೆ? ಬಂದವು ಸುಮ್ಮನೆ ಮಲಗಿ ಹೋಗುವುದಿಲ್ಲ, ವೈರು ಕಡಿಯುತ್ತವೆ. ನುಸಿಗುಳಿಗೆ ಇಟ್ಟೆ. ಒಂದೆರಡು ದಿನದಲ್ಲಿ ಅದೂ ಇರಲಿಲ್ಲ. ಗ್ಯಾರೇಜಿನ ಭಾಯಿ ಹೇಳಿದ ಮದ್ದು ಹೊಗೆಸೊಪ್ಪು. ಒಣಗಿದ ಎಸಳನ್ನು ಬಟ್ಟೆಯಲ್ಲಿ ಕಟ್ಟಿ ಬ್ಯಾಟರಿಯ ಪಕ್ಕ ತೂಗುಹಾಕಿದರೆ ಆ ಘಾಟಿಗೆ ಇಲಿ ಸುಳಿಯುವುದಿಲ್ಲ. ಹಳೆಯ ಲಾರಿ ಡ್ರೈವರುಗಳು ವೈಪರ್ ಕೈಕೊಟ್ಟಾಗ ಗಾಜಿಗೂ ಹೊಗೆಸೊಪ್ಪನ್ನೇ ಉಜ್ಜುತ್ತಿದ್ದರಂತೆ, ನೀರು ನಿಲ್ಲದೆ ಜಾರುತ್ತದೆ ಎಂದು. ನಿಜಕ್ಕೂ ಮದ್ದು ಹಿಡಿಯಿತು, ಇಲಿ ಬರಲಿಲ್ಲ. ಆದರೆ ಬಟ್ಟೆಯ ಗಂಟು ಮಾತ್ರ ವಾರವಾರಕ್ಕೂ ಸಣ್ಣದಾಗುತ್ತ ಬಂತು. ಒಂದು ಮಧ್ಯಾಹ್ನ ನೋಡಿದರೆ ಪಕ್ಕದ ಮನೆಯ ಅಜ್ಜಿ ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿ, ಗಂಟು ಬಿಚ್ಚಿ ಒಂದೆಸಳು ಮುರಿದುಕೊಳ್ಳುತ್ತಿದ್ದಾಳೆ. ನನ್ನನ್ನು ಕಂಡು ಬೆಚ್ಚಲೂ ಇಲ್ಲ. "ಸೊಪ್ಪು ಚಲೋ ಐತೋ ತಮ್ಮಾ. ಎಲ್ಲಿಂದ ತಂದೆ?" ಎಂದಳು. ಬಾನೆಟ್ ತೆಗೆಯುವ ಲಿವರ್ ಕಾರಿನೊಳಗೆ ಎಲ್ಲಿದೆ ಎಂಬುದನ್ನು ನನ್ನ ಭಾವನಿಗೆ ಮೂರು ಸಲ ತೋರಿಸಿದ್ದೇನೆ, ಅವನಿಗೆ ಇನ್ನೂ ಗೊತ್ತಾಗಿಲ್ಲ. ಅಜ್ಜಿಗೆ ಅದನ್ನು ತೋರಿಸಿಕೊಟ್ಟವರು ಯಾರು?

ಗ್ಯಾರೇಜಿನ ಭಾಯಿಯ ಬಗ್ಗೆ ಹೇಳಬೇಕು. ಅವರು ಕಾರನ್ನು ನೋಡುವುದಿಲ್ಲ, ಆಲಿಸುತ್ತಾರೆ. ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಹಚ್ಚಿ ನಿಲ್ಲುತ್ತಾರೆ. "ಮೂರನೇದು ಮಾತಾಡ್ತಿಲ್ಲ ಸಾರ್" ಎಂದರೆ ಮೂರನೆಯ ಸಿಲಿಂಡರಿನ ಪ್ಲಗ್ ಹೋಗಿದೆ ಎಂದರ್ಥ. ಒಂದು ಪ್ಲಗ್ಗು ಹೋದರೂ ಉಳಿದೆರಡರ ಮೇಲೆ ಈ ಕಾರು ಮನೆ ಸೇರುತ್ತದೆ. ಕೆಮ್ಮುತ್ತ, ಅದುರುತ್ತ, ಆದರೆ ಸೇರುತ್ತದೆ. ಅವರ ಬಿಲ್ಲಿನಲ್ಲಿ ಸಾಮಾನಿನ ಬೆಲೆ ಒಂದು ಕಡೆ, "ಕೈ" ಎಂದು ಬರೆದ ಮಜೂರಿ ಒಂದು ಕಡೆ. ಕೆಲವು ಸಲ "ಕೈ" ಮುಂದೆ ಏನೂ ಇರುವುದಿಲ್ಲ. ಕೇಳಿದರೆ, "ಹೋದ ತಿಂಗಳು ನಮ್ಮ ಅಬ್ಬಾಜಾನ್‌ನ ಮೆಗ್ಗಾನ್‌ಗೆ ಕರ್ಕೊಂಡು ಹೋಗಿದ್ದು ಇದೇ ಗಾಡಿ ಅಲ್ವಾ" ಎನ್ನುತ್ತಾರೆ.

ಈ ಕಾರಿನ ಲೆಕ್ಕಪುಸ್ತಕ ಹೀಗೆ ಎರಡು. ಒಂದು ನಾನು ಬರೆಯುವುದು. ಅದರಲ್ಲಿ ಪೆಟ್ರೋಲು, ಪಂಕ್ಚರು, ಸಾವಿರ ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ 2,094 ರೂಪಾಯಿ ಮತ್ತು ಅದರ ಮೇಲೆ ತೆರಿಗೆ, ಎಲ್ಲ ಇದೆ. ಆ ಪುಸ್ತಕ ಓದಿದವರು ಕಾರು ಮಾರಿಬಿಡಿ ಎನ್ನುತ್ತಾರೆ. ಇನ್ನೊಂದು ಪುಸ್ತಕವನ್ನು ಬರೆಯುವವರಿಲ್ಲ. ಅದರಲ್ಲಿ ಎಕ್ಸ್‌ರೇ ಅತ್ತೆಯ ಮನೆಯಿಂದ ಬಂದ ಹಲಸಿನಕಾಯಿ ಇದೆ, ಮೋಟರಿನವರು ಬೀಸಿಕೊಟ್ಟ ಅಕ್ಕಿಹಿಟ್ಟಿದೆ, ಬೇಸಿಗೆಯಲ್ಲಿ ಸೈಲೆನ್ಸರ್ ಕಳಚಿ ನೆಲಕ್ಕೆ ಉಜ್ಜಿದಾಗ ವೆಲ್ಡಿಂಗ್ ಹುಡುಗ ಅಡ್ಡಬಿದ್ದು ಹಾಕಿಕೊಟ್ಟ ಬೆಸುಗೆ ಇದೆ. ಬ್ಯಾಟರಿ ಇಳಿದು ಸೆಲ್ಫ್ ತೆಗೆದುಕೊಳ್ಳದ ಬೆಳಿಗ್ಗೆ ಯಾರನ್ನೂ ಕೂಗಬೇಕಾಗಿಲ್ಲ. ಕರ್ ಕರ್ ಸದ್ದು ಎರಡು ಸಲ ಕೇಳಿದರೆ ಸಾಕು, ಒಬ್ಬರು ಹಲ್ಲುಜ್ಜುವುದನ್ನು ಬಿಟ್ಟು, ಒಬ್ಬರು ಹಾಲಿನ ಪಾತ್ರೆ ಕಟ್ಟೆ ಮೇಲಿಟ್ಟು ಬಂದು ಹಿಂದೆ ಕೈ ಹಚ್ಚುತ್ತಾರೆ. ನಾನು ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಡುವ ಹೊತ್ತಿಗೆ "ಈಗ ಬಿಡಿ!" ಎಂದು ಕೂಗುವ ಅಧಿಕಾರ ಮಾತ್ರ ಹೊಗೆಸೊಪ್ಪಿನ ಅಜ್ಜಿಯದು. ಬೀದಿಯ ದೊಡ್ಡ ಕಾರು ಒಮ್ಮೆ ಹೀಗೇ ನಿಂತಾಗ ಶಿವಮೊಗ್ಗದಿಂದ ಕಂಪ್ಯೂಟರ್ ಹಿಡಿದುಕೊಂಡು ಹುಡುಗನೊಬ್ಬ ಬರುವವರೆಗೆ ಕಾಯಬೇಕಾಯಿತು. ಬೀದಿಯವರು ತಳ್ಳಲು ಸಿದ್ಧರಿದ್ದರು, ಅಂಥ ಕಾರನ್ನು ಎಲ್ಲಿ ಮುಟ್ಟಬೇಕೆಂದೇ ಗೊತ್ತಾಗಲಿಲ್ಲ.

ಬೆಂಗಳೂರಿನ ನೆಂಟರು ಬರುವಾಗ ದೊಡ್ಡ ಕಾರಿನಲ್ಲೇ ಬರುತ್ತಾರೆ. ಮಕ್ಕಳಿಗೆ ಇತಿಹಾಸ ತೋರಿಸಬೇಕೆಂಬ ಹಟ. ನಮ್ಮ ಸೀಮೆಯಲ್ಲಿ ಅದಕ್ಕೇನು ಕೊರತೆ? ಕದಂಬರ ಬನವಾಸಿ, ತಾಳಗುಂದದ ಶಾಸನ, ಬಳ್ಳಿಗಾವಿಯ ಕೇದಾರೇಶ್ವರ, ಅಕ್ಕಮಹಾದೇವಿಯ ಉಡುತಡಿ, ಕುಬಟೂರಿನ ಕೈಟಭೇಶ್ವರ. ಆದರೆ ಎರಡು ಕಡೆ ಲಂಟಾನ ಬೆಳೆದ ದಾರಿ ನೋಡಿದ ಕೂಡಲೇ ಬಣ್ಣಕ್ಕೆ ಗೀರು ಬಿದ್ದೀತೆಂದು ಅವರ ಎದೆ ಹೊಡೆದುಕೊಳ್ಳುತ್ತದೆ. ದೊಡ್ಡ ಕಾರು ನಮ್ಮ ಅಂಗಳದಲ್ಲಿ ಉಳಿಯುತ್ತದೆ, ಏಳು ಜನ 800ರೊಳಗೆ ಸೇರುತ್ತಾರೆ. ಗೀರಿನ ಮೇಲೆ ಗೀರು ಬಿದ್ದ ಕಾರಿಗೆ ಇನ್ನೊಂದು ಗೀರು ಲೆಕ್ಕಕ್ಕಿಲ್ಲ. ಶಾಸನದ ಮುಂದೆ ನಿಂತಾಗ ಮಕ್ಕಳಿಗೆ ಕಾಲು ಜೋಮು ಹಿಡಿದಿರುತ್ತದೆ, ಹಾಗಾಗಿ ಓಡುವುದಿಲ್ಲ. ಇತಿಹಾಸವನ್ನು ಪೂರ್ತಿ ಕೇಳುತ್ತಾರೆ.

ಕಾರಿಗೂ ಹಬ್ಬಗಳಿವೆ. ಆಯುಧಪೂಜೆಗೆ ತೊಳೆದು, ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಮುಂದೆ ಸರಿಸುವುದು ಎಲ್ಲ ಕಡೆ ಇದ್ದದ್ದೇ. ದೀಪಾವಳಿಯಲ್ಲಿ ದನಗಳ ಮೈಗೆ ಬಿಳಿ ಜೇಡಿಯಲ್ಲಿ, ಕೆಮ್ಮಣ್ಣಿನಲ್ಲಿ ಲೋಟ ಅದ್ದಿ ದುಂಡನೆಯ ಮುದ್ರೆ ಒತ್ತುವ ಪದ್ಧತಿ ನಮ್ಮದು. ಕೊಟ್ಟಿಗೆಯಲ್ಲಿ ದನ ಕಡಿಮೆಯಾಗಿ ಬಣ್ಣ ಉಳಿಯತೊಡಗಿದ ಮೇಲೆ ಮಕ್ಕಳು ಕಾರಿಗೂ ಒತ್ತುತ್ತಾರೆ. ಮುದ್ರೆ ಕಾರ್ತಿಕ ಮುಗಿಯುವವರೆಗೂ ಹೋಗುವುದಿಲ್ಲ. ಅದೇ ಹೊತ್ತಿಗೆ ಸೊರಬ, ಶಿಕಾರಿಪುರ ಸೀಮೆಯ ಊರೂರಲ್ಲಿ ಹೋರಿ ಹಬ್ಬ. ಕೊಬ್ಬರಿ ಸರ, ಬಲೂನು, ರಿಬ್ಬನ್ನು ಕಟ್ಟಿಕೊಂಡ ಹೋರಿಗಳು ಬೀದಿಯಲ್ಲಿ ನುಗ್ಗುವಾಗ ನೋಡುವವರಿಗೆ ಎತ್ತರದ ಜಾಗ ಬೇಕು. ಜಗಲಿ ತುಂಬಿದರೆ ಕಾರಿನ ಮಾಡು. ಬಲ್ಲ ಹುಡುಗನೊಬ್ಬ ವಿವರಿಸಿದ ಹಾಗೆ, ದೊಡ್ಡ ಕಾರಿನ ಮೇಲೆ ಹತ್ತುವುದು ಕಷ್ಟ, ಹತ್ತಿದರೆ ಬೈಯುತ್ತಾರೆ. 800ರ ಮೇಲೆ ಒಂದೇ ಹೆಜ್ಜೆಗೆ ಹತ್ತಬಹುದು, ಮೇಷ್ಟ್ರು ಬೈದರೂ ಆಮೇಲೆ ಬೈಯುತ್ತಾರೆ. ಹೀಗೆ ಮಾಡಿನ ನಡುವೆ ಒಂದು ತಗ್ಗು ಬಿದ್ದಿದೆ. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ, ಕಾಗೆಯೊಂದು ಬಂದು ರೊಟ್ಟಿ ಚೂರು ಅದ್ದಿಕೊಂಡು ತಿನ್ನುತ್ತದೆ.

2024ಕ್ಕೆ ಕಾರಿಗೆ ಹದಿನೈದು ತುಂಬಿತು. ಹದಿನೈದಾದರೆ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕು. ಮೊದಲೆಲ್ಲ 600 ರೂಪಾಯಿಗೆ ಆಗುತ್ತಿದ್ದುದು 2022ರ ಏಪ್ರಿಲ್‌ನಿಂದ 5,000. ಜೊತೆಗೆ ಹೊಸ ಬಗೆಯ ನಂಬರ್ ಪ್ಲೇಟು. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳಿಗೆಲ್ಲ ಅದು ಕಡ್ಡಾಯವೆಂದು, 2023ರ ನವೆಂಬರ್ 17 ಕಡೆಯ ದಿನವೆಂದು ಸರ್ಕಾರ ಹೇಳಿತ್ತು. ಆ ಕಡೆಯ ದಿನ ಎಷ್ಟು ಸಲ ಮುಂದೆ ಹೋಯಿತೆಂದರೆ, ಮೊದಲ ವಾರವೇ ಹಾಕಿಸಿಕೊಂಡ ನಮ್ಮಂಥವರು ಬೆಂಚಿನ ಮೇಲೆ ನಗೆಪಾಟಲಾದೆವು.

ಖರ್ಚಿನ ಪಟ್ಟಿ ನೋಡಿ ಮನೆಯವಳು, "ಅದರ ಬದಲು ಕೊಟ್ಟುಬಿಡಿ" ಎಂದಳು. ಮಾತಿನಲ್ಲಿ ತಥ್ಯವಿತ್ತು. ಹಾನಗಲ್ ಕಡೆಯ ಒಬ್ಬರು ಫೋನು ಮಾಡಿ, ಭಾನುವಾರ ಬಂದು ನೋಡುತ್ತೇನೆ ಎಂದರು. ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಅವರು ಬಂದು ಬಾನೆಟ್ ಎತ್ತುವ ಹೊತ್ತಿಗೆ ಅಂಗಳದಲ್ಲಿ ಎಂಟು ಹತ್ತು ಜನ ಸೇರಿದ್ದರು. ಕೊಳ್ಳಲು ಬಂದವರು ಮರ್ಯಾದಸ್ಥರು, "ಗಾಡಿ ಹ್ಯಾಂಗೈತ್ರಿ?" ಎಂದು ಎಲ್ಲರನ್ನೂ ಉದ್ದೇಶಿಸಿ ಕೇಳಿದರು.

"ಗಾಡಿ ಬಂಗಾರ" ಎಂದರು ಗಿರಣಿಯವರು. "ಬಲಗಡೆ ಹಿಂದಿನ ಬಾಗಿಲು ಒಳಗಿಂದ ತೆಗೆಯಂಗಿಲ್ಲ, ಅಷ್ಟೆ. ಹೊರಗಿಂದ ಯಾರಾದ್ರೂ ತೆಗೀಬೇಕು."

"ಏರಿನಲ್ಲಿ ಎರಡನೇ ಗೇರು ಹಾರ್ತದೆ, ಕೈಯಾಗೆ ಹಿಡ್ಕೊಂಡಿದ್ರೆ ಏನೂ ಆಗಲ್ಲ" ಎಂದ ಇದರ ಮೇಲೇ ಕಾರು ಕಲಿತ ಹುಡುಗ.

ವೆಲ್ಡಿಂಗಿನವನು ಕಾರಿನಡಿ ತೂರಿ ತಾನು ಹಾಕಿದ ಬೆಸುಗೆಗಳನ್ನು ಒಂದೊಂದಾಗಿ ತೋರಿಸಿ, ಯಾವುದು ಯಾವ ವರ್ಷದ್ದೆಂದು ಹೆಮ್ಮೆಯಿಂದ ಹೇಳಿದ. ಅಜ್ಜಿ ಮುಂದೆ ಬಂದು, "ಸೊಪ್ಪು ಇಡೋದು ಮರೀಬ್ಯಾಡಪ್ಪ, ಇಲಿ ಬರ್ತಾವೆ" ಎಂದಳು. ಎಲ್ಲವೂ ನಿಜ. ಒಬ್ಬರೂ ಕಾರನ್ನು ಹಳಿಯಲಿಲ್ಲ. ಹಾನಗಲ್ಲಿನವರು ಚಹಾ ಕುಡಿದು, ಮನೆಯಲ್ಲಿ ಕೇಳಿ ಫೋನು ಮಾಡುತ್ತೇನೆ ಎಂದು ಹೇಳಿ ಹೋದರು. ಆಮೇಲೆ ಫೋನು ಬರಲಿಲ್ಲ. ಅವರು ತಿರುವಿನಲ್ಲಿ ಮರೆಯಾದ ಮೇಲೆ ಗಿರಣಿಯವರು, "ಜನ ಸಮ ಇಲ್ಲ ಮೇಷ್ಟ್ರೇ, ಅಂಥೋರ ಕೈಗೆ ಕೊಡೋದು ಬ್ಯಾಡ" ಎಂದು ತೀರ್ಪು ಕೊಟ್ಟರು.

ಮರುವಾರ ನವೀಕರಣಕ್ಕೆಂದು ಸಾಗರಕ್ಕೆ ಹೊರಟೆ. ಅಲ್ಲಿ ಬಾನೆಟ್ಟಿನಡಿ ಕೊರೆದ ಚಾಸಿ ನಂಬರಿನ ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲ್ಲು ಉಜ್ಜಿ ಅಚ್ಚು ತೆಗೆಯುತ್ತಾರೆ. ಅಲ್ಲಿನ ಹುಡುಗ ಮೊದಲು ಚಿಂದಿಯಿಂದ ಗ್ರೀಸು ಒರೆಸಿದ, ಆಮೇಲೆ ಹೊಗೆಸೊಪ್ಪಿನ ಪುಡಿ ಊದಿದ, ಸೀನಿದ, ಮತ್ತೆ ಉಜ್ಜಿದ. ಬೂದು ಗೆರೆಗಳ ನಡುವೆ ಅಂಕಿಗಳು ಒಂದೊಂದಾಗಿ ಎದ್ದುಬಂದವು, ಒಂದೂ ಸವೆದಿರಲಿಲ್ಲ. ಐದು ವರ್ಷದ ಮೊಹರು ಬಿತ್ತು. ಊರಿಗೆ ವಾಪಸಾಗುವಾಗ ಜೊತೆಗಿದ್ದವರು ಮೂವರು. ಅವರಿಗೂ ಸಾಗರದಲ್ಲಿ ಸುಮ್ಮನೆ ಒಂದು ಕೆಲಸವಿತ್ತು.

ಈಗ ಮುಂದಿನ ಲೆಕ್ಕವೂ ನನ್ನ ಕೈಯಲ್ಲಿಲ್ಲ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಎರಡೂ ಒಂದೇ ವರ್ಷ ಕೂಡಿಬರುವುದು ಆರು ವರ್ಷಕ್ಕೊಮ್ಮೆ. 2020ರಲ್ಲಿ ಬಂದಿತ್ತು, ಆ ಲೆಕ್ಕದಲ್ಲಿ 2026ರ ಸರದಿ ಕಳೆದರೆ ಮತ್ತೆ 2032. ಅಷ್ಟರಲ್ಲಿ ಕಾರಿಗೆ ಇಪ್ಪತ್ತು ದಾಟಿರುತ್ತದೆ. ಇಪ್ಪತ್ತು ದಾಟಿದ ಕಾರಿನ ನವೀಕರಣಕ್ಕೆ 2025ರಲ್ಲಿ ಸರ್ಕಾರ 10,000 ರೂಪಾಯಿ ಮಾಡಿದೆ. ಇದನ್ನು ಬೆಂಚಿನ ಮೇಲೆ ಹೇಳಿದೆ, ಅಷ್ಟೊಂದು ಕೊಟ್ಟು ಇಟ್ಟುಕೊಳ್ಳುವುದು ಮೂರ್ಖತನ ಎಂದು ಯಾರಾದರೂ ಹೇಳಿಯಾರೆಂದು. ಯಾರೂ ಹೇಳಲಿಲ್ಲ. ಗಿರಣಿಯವರು ಬೆರಳು ಮಡಚಿ ಎಣಿಸಿ, "ಹತ್ತು ಸಾವಿರ ಅಂದ್ರೆ ಮನೆಗೆ ಸಾವಿರ ಬೀಳ್ತದೆ, ಹೆಚ್ಚೇನಲ್ಲ" ಎಂದರು. ಅಜ್ಜಿ 2032ರ ಜಾತ್ರೆಗೆ ಮುಂದಿನ ಸೀಟು ತನಗೇ ಎಂದಳು. ಗಾಜು ಒರೆಸುವುದಕ್ಕೂ ಒಪ್ಪಿಕೊಂಡಿದ್ದಾಳೆ.